ಡೇನಿಯಲ್ ಬೂನ್‌ಗೆ ಕೆಂಟಕಿಯಲ್ಲಿ ಜಮೀನು ಉಳಿಯಲಿಲ್ಲ, ಏಕೆ?

ಪ್ರಶ್ನೆ: ಅಮೆರಿಕದ ಕೆಂಟಕಿಗೆ ದಾರಿ ಕಡಿದವನು ಡೇನಿಯಲ್ ಬೂನ್. ಶಾಸಕನೂ ಆಗಿದ್ದ. ಹಾಗಿದ್ದೂ ಅಲ್ಲಿ ಅವನಿಗೆ ಭೂಮಿ ಉಳಿಯಲಿಲ್ಲವೇಕೆ?

ಉತ್ತರ: ಈ ಪ್ರಶ್ನೆಯ ಬೆನ್ನಿಗೇ ಇನ್ನೊಂದು ಮಾತು ಬಂದೇ ಬರುತ್ತದೆ: "ಆಗ ಕಾಡು ಕಡಿದವನದೇ ಭೂಮಿ ಅಲ್ಲವೇ?" ಅಲ್ಲ. ಎಷ್ಟು ಸಲ ಹೇಳಿದರೂ ಈ ನಂಬಿಕೆ ಹೋಗುತ್ತಿಲ್ಲ, ಹಾಗಾಗಿ ಈ ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ.

ಐದು ವರ್ಷ ವಾಸವಿದ್ದು ಸಾಗುವಳಿ ಮಾಡಿದರೆ, ಅರ್ಜಿ ಶುಲ್ಕವಷ್ಟೇ ಕಟ್ಟಿ 160 ಎಕರೆ ಪಡೆಯುವ ಹೋಮ್‌ಸ್ಟೆಡ್ ಕಾಯ್ದೆ ಬಂದದ್ದು 1862ರಲ್ಲಿ. ಬೂನ್ ಸತ್ತದ್ದು 1820ರಲ್ಲಿ. ಅವನ ಕಾಲಕ್ಕೆ ಆ ಕಾನೂನನ್ನು ಹಚ್ಚುವಂತಿಲ್ಲ. ಭೂಮಿ ಖಾಲಿ ಬಿದ್ದಿತ್ತೆಂಬುದೂ ಸುಳ್ಳು. ಶಾನೀ, ಚೆರೋಕಿ ಎಂಬ ಮೂಲನಿವಾಸಿ ಜನ ಬೇಟೆಯಾಡುತ್ತಿದ್ದ ನೆಲ ಅದು. 1775ರಲ್ಲಿ ಮೂವತ್ತು ಚಿಲ್ಲರೆ ಆಳುಗಳೊಂದಿಗೆ ಬೂನ್ ದಾರಿ ಕಡಿದದ್ದು ರಿಚರ್ಡ್ ಹೆಂಡರ್ಸನ್‌ನ ಕಂಪನಿಗಾಗಿ. ಕೆಂಟಕಿ ಆಗ ವರ್ಜೀನಿಯಾ ರಾಜ್ಯಕ್ಕೆ ಸೇರಿತ್ತು; ಚೆರೋಕಿಗಳಿಂದ ಆ ಕಂಪನಿ ಮಾಡಿದ ಖರೀದಿಯನ್ನು ವರ್ಜೀನಿಯಾ 1778ರಲ್ಲಿ ರದ್ದು ಮಾಡಿತು. ಭೂಮಿ ಕೊಡುವೆನೆಂದು ಬೂನ್‌ಗೆ ಕಂಪನಿ ಕೊಟ್ಟಿದ್ದ ಮಾತೂ ಅಲ್ಲಿಗೇ ಮುಗಿಯಿತು.

ಮರುವರ್ಷ ವರ್ಜೀನಿಯಾ ತನ್ನದೇ ಭೂಕಾಯ್ದೆ ತಂದಿತು. 1778ರ ಜನವರಿಗೆ ಮೊದಲೇ ನೆಲೆಸಿ, ಒಂದು ವರ್ಷ ವಾಸವಿದ್ದವನಿಗೆ ಅಥವಾ ಮೆಕ್ಕೆಜೋಳದ ಬೆಳೆ ತೆಗೆದವನಿಗೆ 400 ಎಕರೆ. ಪಕ್ಕದ 1,000 ಎಕರೆ ಕೊಳ್ಳಲು ಮೊದಲ ಹಕ್ಕು. ಉಳಿದವರು ನೂರು ಎಕರೆಗೆ 40 ಪೌಂಡ್ ಕಟ್ಟಿ ಖಜಾನೆಯಿಂದ ವಾರಂಟ್, ಅಂದರೆ ಅಷ್ಟು ಭೂಮಿ ಗುರುತಿಸಿಕೊಳ್ಳುವ ಅನುಮತಿ ಚೀಟಿ, ಕೊಳ್ಳಬೇಕು. ವಾರಂಟ್ ಕೈಗೆ ಬಂದರೆ ಭೂಮಿ ಬಂದಂತಲ್ಲ. ಕೌಂಟಿಯ (ನಮ್ಮ ಜಿಲ್ಲೆಯಂಥದು) ಸರ್ವೆಯರನ ಪುಸ್ತಕದಲ್ಲಿ ಜಾಗ ನಮೂದಿಸಬೇಕು, ಅಳೆಸಬೇಕು, ನಕ್ಷೆಯನ್ನು ಭೂಕಚೇರಿಗೆ ಕಳಿಸಬೇಕು, ತಕರಾರಿನ ಅವಧಿ ಮುಗಿಯುವವರೆಗೆ ಕಾಯಬೇಕು. ಆಮೇಲೆ ಹಕ್ಕುಪತ್ರ. ಎಲ್ಲಿ ಎಡವಿದರೂ ಹಿಂದಿನದೆಲ್ಲ ವ್ಯರ್ಥ.

ಜನ ಎಡವುತ್ತಿದ್ದದ್ದು ಹೆಚ್ಚಾಗಿ ಚಕ್ಕುಬಂದಿಯಲ್ಲಿ. ಮೊದಲೇ ಅಳೆದ ಸರ್ಕಾರಿ ನಕ್ಷೆ ಇರಲಿಲ್ಲ. "ಹಳ್ಳ ಸೇರುವಲ್ಲಿಂದ ಎರಡು ಮೈಲಿ ಮೇಲೆ, ಗುರುತು ಕೆತ್ತಿದ ಬಿಳಿ ಓಕ್ ಮರದಿಂದ ಉತ್ತರಕ್ಕೆ 200 ಪೋಲ್" ಎಂಬಂಥ ವಿವರಣೆಯೇ ಆಧಾರ. ಪೋಲ್ ಎಂದರೆ ಹದಿನಾರೂವರೆ ಅಡಿ. ನಾಲ್ಕು ಪೋಲ್ ಸೇರಿದರೆ 66 ಅಡಿಯ ಗಂಟರ್ ಸರಪಳಿ. ನಮ್ಮ ಗುಂಟೆಯ ಬದಿ 33 ಅಡಿ, ಅಂದರೆ ಅದೇ ಸರಪಳಿಯ ಅರ್ಧ. ಪೊದೆಗಳ ನಡುವೆ ಸರಪಳಿ ಸಡಿಲಾದರೆ ಅಳತೆ ತಪ್ಪುತ್ತಿತ್ತು. ಮರ ಬಿದ್ದರೆ ಗಡಿಯೇ ಮಾಯ. ಒಂದೇ ಜಾಗದ ಮೇಲೆ ಹೆಂಚು ಹೊದಿಸಿದಂತೆ ಮೂರು ನಾಲ್ಕು ಹಕ್ಕು ಕೂರುತ್ತಿದ್ದವು. ನಮೂದು ಅಸ್ಪಷ್ಟವಾಗಿದ್ದರೆ ಕೋರ್ಟು ಅದನ್ನು ತಳ್ಳಿಹಾಕುತ್ತಿತ್ತು. ಕಾಡು ಕಡಿದ ಶ್ರಮ ಅಲ್ಲಿ ಲೆಕ್ಕಕ್ಕಿಲ್ಲ.

ಈಗ ಬೂನ್‌ನ ವಿಷಯ. 1780ರಲ್ಲಿ ವಾರಂಟ್ ಕೊಳ್ಳಲೆಂದು ತನ್ನದೂ ನೆರೆಹೊರೆಯವರದೂ ಸೇರಿಸಿ ಒಯ್ಯುತ್ತಿದ್ದ ದೊಡ್ಡ ಮೊತ್ತವನ್ನು ದಾರಿಯಲ್ಲಿ ಕಳ್ಳರು ಕದ್ದರು. ಹಲವರಿಗೆ ಆ ಸಾಲವನ್ನು ವರ್ಷಗಟ್ಟಲೆ ತೀರಿಸಿದ. ಫೆಯೆಟ್ ಕೌಂಟಿಯಲ್ಲಿ ಶೆರೀಫ್ ಆಗಿದ್ದ, ಉಪ ಸರ್ವೆಯರನೂ ಆಗಿದ್ದ. 1781, 1787, 1791ರಲ್ಲಿ ಮೂರು ಸಲ ವರ್ಜೀನಿಯಾ ಶಾಸನಸಭೆಯಲ್ಲಿ ಕುಳಿತ. ಈ ಪದವಿ ಯಾವುದೂ ಅವನ ಹಕ್ಕುಪತ್ರಗಳನ್ನು ಕಾಯಲಿಲ್ಲ. ತನ್ನ ನಮೂದುಗಳೇ ಕೋರ್ಟಿನಲ್ಲಿ ಬಿದ್ದವು, ಮಾರಿದ ಭೂಮಿಯ ಹಕ್ಕು ಕುಸಿದಾಗ ಕೊಂಡವರು ಇವನ ಮೇಲೇ ದಾವೆ ಹೂಡಿದರು. 1798ರಲ್ಲಿ ಕೆಂಟಕಿ ಒಂದು ಕೌಂಟಿಗೆ ಅವನ ಹೆಸರಿಟ್ಟಿತು. ಅದೇ ವರ್ಷ, ಸಾಕ್ಷಿ ಹೇಳಲು ಬರಲಿಲ್ಲವೆಂದು ಅವನ ಬಂಧನಕ್ಕೆ ವಾರಂಟ್ ಹೊರಟಿತು. ಮರುವರ್ಷ ಮಿಸೌರಿಗೆ ಹೊರಟುಹೋದ. ಅಲ್ಲಿ ಸ್ಪೇನ್ ಆಡಳಿತ ಕೊಟ್ಟ ಭೂಮಿಯನ್ನೂ, ಅಮೆರಿಕ ಆ ಪ್ರಾಂತ್ಯವನ್ನು ಕೊಂಡ ಮೇಲೆ, ಷರತ್ತು ಪಾಲಿಸಿಲ್ಲವೆಂದು ಭೂ ಆಯೋಗ ತಿರಸ್ಕರಿಸಿತು. 1814ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಅದರಲ್ಲಿ ಸುಮಾರು 850 ಎಕರೆ ಮರಳಿ ಕೊಟ್ಟಾಗ ಹೆಚ್ಚಿನದನ್ನು ಮಾರಿ ಕೆಂಟಕಿಯ ಹಳೆಯ ಸಾಲ ತೀರಿಸಿದ.

ಇದನ್ನು ಯಾರೂ ಕೇಳುವುದಿಲ್ಲ, ಆದರೆ ಕೇಳಬೇಕು: ಅಬ್ರಹಾಂ ಲಿಂಕನ್‌ನ ಅಪ್ಪ ಥಾಮಸ್ 1816ರಲ್ಲಿ ಕೆಂಟಕಿ ಬಿಟ್ಟದ್ದೇಕೆ? ಗುಲಾಮಗಿರಿಯೂ ಒಂದು ಕಾರಣ, ಆದರೆ ಮುಖ್ಯ ಕಾರಣ ಇದೇ ಹಕ್ಕಿನ ರಗಳೆ. ಇಂಡಿಯಾನಾದಲ್ಲಿ 1785ರ ಕಟ್ಟಳೆಯಂತೆ ಭೂಮಿಯನ್ನು ಮೊದಲೇ ಅಳೆದು, ಆರು ಮೈಲಿ ಚೌಕದ ಟೌನ್‌ಶಿಪ್‌ಗಳಾಗಿ, ಒಂದೊಂದನ್ನೂ 640 ಎಕರೆಯ 36 ಭಾಗಗಳಾಗಿ ವಿಂಗಡಿಸಿ ಮಾರುತ್ತಿದ್ದರು. 1817ರಲ್ಲಿ ಥಾಮಸ್ ಅಲ್ಲಿನ ವಿನ್ಸೆನ್ಸ್ ಊರಿನ ಭೂಕಚೇರಿಯಲ್ಲಿ ಎಕರೆಗೆ ಎರಡು ಡಾಲರಿನಂತೆ 160 ಎಕರೆ ಹಿಡಿದ. ಕಂತು ಕಟ್ಟಲಾಗದೆ ಅರ್ಧ ಬಿಟ್ಟುಕೊಟ್ಟ. ಉಳಿದ 80 ಎಕರೆಗೆ 1827ರಲ್ಲಿ ಹಕ್ಕುಪತ್ರ ಸಿಕ್ಕಿತು.