ಓದುಗರ ಪ್ರಶ್ನೆ: ತೋಟಾ ಕೈಯಿಂದ ತುಂಬುವವರ ವಿದ್ಯೆ ಏರ್ ರೈಫಲ್‌ಗೆ ಉಪಯೋಗವಾಗುತ್ತದೆಯೇ?

ಪ್ರಶ್ನೆ: ವಿದೇಶಗಳಲ್ಲಿ ಬೇಟೆಯ ರೈಫಲ್ ಇಟ್ಟುಕೊಂಡವರು ತೋಟಾಗಳನ್ನು ತಾವೇ ಕೈಯಿಂದ ತುಂಬಿ ಹೆಚ್ಚಿನ ನಿಖರತೆ ಪಡೆಯುತ್ತಾರೆ ಎಂದು ಕೇಳಿದ್ದೇನೆ. ನನ್ನ ಮಗಳು ಬೆಳಗಾವಿಯಲ್ಲಿ ಹತ್ತು ಮೀಟರ್ ಏರ್ ರೈಫಲ್ ಅಭ್ಯಾಸ ಮಾಡುತ್ತಾಳೆ. ಅದೇ ಕಂಪನಿಯ ಪೆಲೆಟ್‌ನ ಹೊಸ ಡಬ್ಬಿ ತೆರೆದಾಗಿನಿಂದ ಅವಳ ಗುಂಡುಗಳು ಚದುರುತ್ತಿವೆ. ಆ ವಿದ್ಯೆಯಿಂದ ನಮಗೇನಾದರೂ ಪ್ರಯೋಜನವಿದೆಯೇ? (ಗೋಕಾಕದ ಓದುಗರೊಬ್ಬರು)

ಉತ್ತರ: ಪ್ರಯೋಜನವಿದೆ, ಆದರೆ ಅದು ತೋಟಾ ತುಂಬುವ ಕೆಲಸದಲ್ಲಿಲ್ಲ, ತುಂಬಿದ ಮೇಲೆ ಅದನ್ನು ಪರೀಕ್ಷಿಸುವ ಕ್ರಮದಲ್ಲಿದೆ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ, ಮತ್ತು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಈಗ ಬೇಟೆಗೂ ಅವಕಾಶವಿಲ್ಲ. ಆದ್ದರಿಂದ ಖಾನಾಪುರದ ಕಾಡಂಚಿನಲ್ಲಿ ಬೆಳೆ ರಕ್ಷಣೆಗೆಂದು ಬಂದೂಕಿನ ಲೈಸೆನ್ಸ್ ಪಡೆದ ರೈತನೂ ಕಾರ್ಖಾನೆಯ ತೋಟಾವನ್ನೇ ಕೊಳ್ಳಬೇಕು. ನಿಮ್ಮ ಮಗಳ ರೈಫಲ್ ಬೇರೆ ಜಾತಿಯದು. ಅದು 4.5 ಮಿ.ಮೀ. ನಳಿಗೆಯ, ಸುಮಾರು ಎಂಟು ಜೌಲ್ ಶಕ್ತಿಯ ಆಯುಧ. ಈ ಅಳತೆಯ ನಳಿಗೆಗೆ ಇಪ್ಪತ್ತು ಜೌಲ್‌ವರೆಗೆ 2016ರ ನಿಯಮಗಳಲ್ಲಿ ಲೈಸೆನ್ಸ್‌ನಿಂದ ವಿನಾಯಿತಿ ಇದೆ.

ಕೈಯಿಂದ ತೋಟಾ ತುಂಬುವವರು ಹುಡುಕುವುದು ಎರಡೇ ಸಂಗತಿಗಳನ್ನು: ಪ್ರತಿ ತೋಟಾ ಇನ್ನೊಂದರಂತೆಯೇ ಇರಬೇಕು ಮತ್ತು ಅದು ತಮ್ಮ ಕೈಯಲ್ಲಿರುವ ಆ ಒಂದು ನಳಿಗೆಗೆ ಒಗ್ಗಬೇಕು. ಹಿತ್ತಾಳೆಯ ಕೋಶ, ಕಿಡಿ ಹೊತ್ತಿಸುವ ಪ್ರೈಮರ್, ಮದ್ದು, ಗುಂಡು ಎಂಬ ನಾಲ್ಕರಲ್ಲಿ ಒಂದನ್ನು ಮಾತ್ರ ಬದಲಿಸಿ, ಉಳಿದ ಮೂರನ್ನು ಹಾಗೆಯೇ ಇಟ್ಟು, ಗುರಿಹಲಗೆಯ ಮೇಲೆ ಏನಾಯಿತೆಂದು ನೋಡುವುದು ಅವರ ಪದ್ಧತಿ. ತಯಾರಿಸುವ ಹಕ್ಕು ನಮಗಿಲ್ಲದಿದ್ದರೂ ಆರಿಸುವ ಹಕ್ಕು ಇದೆ. ಜಗತ್ತಿನ ಶ್ರೇಷ್ಠ ಶೂಟರ್‌ಗಳು ಸಹ ಎಷ್ಟೋ ಸಂದರ್ಭಗಳಲ್ಲಿ ಇದನ್ನೇ ಮಾಡುತ್ತಾರೆ. ನಮ್ಮ ನೆರೆಯ ಕೊಲ್ಲಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಬಳಸುವ ಪಾಯಿಂಟ್ ಟೂ ಟೂ ತೋಟಾದ ಕಿಡಿಮದ್ದು ಕೋಶದ ಅಂಚಿನೊಳಗೇ ಇರುತ್ತದೆ. ಒಮ್ಮೆ ಹಾರಿಸಿದ ಕೋಶವನ್ನು ಮತ್ತೆ ತುಂಬುವುದು ಸಾಧ್ಯವಿಲ್ಲವೆಂದೇ ಹೇಳಬೇಕು. ಹೀಗಾಗಿ ಆ ಸ್ಪರ್ಧಿಗಳು ತಯಾರಕರ ಪರೀಕ್ಷಾ ಕೇಂದ್ರಕ್ಕೆ ರೈಫಲ್ ಒಯ್ದು, ಬೇರೆ ಬೇರೆ ಲಾಟ್‌ಗಳ (ಒಂದೇ ಸಲಕ್ಕೆ ತಯಾರಾದ ಕಂತುಗಳ) ತೋಟಾ ಹಾರಿಸಿ, ಒಗ್ಗಿದ ಲಾಟನ್ನೇ ಕೊಂಡು ಬರುತ್ತಾರೆ.

ಡಬ್ಬಿ ಬದಲಾದರೆ ಗುರಿ ಏಕೆ ಕೆಡಬೇಕು? ಪೆಲೆಟ್ ಮೆತ್ತಗಿನ ಸೀಸದ್ದು. ಮುಂದೆ ಚಪ್ಪಟೆ ತಲೆ, ನಡುವೆ ಸಣ್ಣ ಸೊಂಟ, ಹಿಂದೆ ತೆಳುವಾದ ಲಂಗ. ಗಾಳಿಯ ಒತ್ತಡಕ್ಕೆ ಲಂಗ ಹಿಗ್ಗಿ ನಳಿಗೆಗೆ ಅಂಟಿಕೊಳ್ಳುತ್ತದೆ, ತಲೆ ನಳಿಗೆಯ ಗೆರೆಗಳ ಮೇಲೆ ಸವಾರಿ ಮಾಡುತ್ತದೆ. ಡಬ್ಬಿಗಳ ಮೇಲೆ 4.49, 4.50, 4.51 ಎಂದು ತಲೆಯ ಅಳತೆ ನಮೂದಿಸಿರುವುದು ಈ ಕಾರಣಕ್ಕೇ. ಉದ್ಯಮಬಾಗದ ಯಾವುದೇ ಯಂತ್ರಶಾಲೆಯಲ್ಲಿ ಕೇಳಿದರೂ ಹೇಳುತ್ತಾರೆ, ಅಚ್ಚು ಸವೆದಂತೆ ಮೊದಲ ತುಣುಕಿಗೂ ಹತ್ತು ಸಾವಿರದ ತುಣುಕಿಗೂ ವ್ಯತ್ಯಾಸ ಬಂದೇ ಬರುತ್ತದೆ. ಕಂಪನಿಯ ಹೆಸರು ಒಂದೇ ಇರಬಹುದು, ಆದರೆ ಲಾಟ್ ಸಂಖ್ಯೆ ಬದಲಾಗಿದ್ದರೆ ಅಚ್ಚು ಮತ್ತು ಸೀಸ ಎರಡೂ ಬದಲಾಗಿರಬಹುದು.

ಈ ಸ್ಪರ್ಧೆಯಲ್ಲಿ ಅಷ್ಟು ಸಣ್ಣ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ. ಹತ್ತು ಮೀಟರ್ ಗುರಿಯ ನಡುಚುಕ್ಕೆ ಅರ್ಧ ಮಿ.ಮೀ. ಮಾತ್ರ, ಪೆಟ್ಟು ಕೇಂದ್ರದಿಂದ ಕಾಲು ಮಿ.ಮೀ. ಸರಿದರೆ ಒಂದು ದಶಮಾಂಶ (0.1 ಅಂಕ) ಕಡಿಮೆಯಾಗುತ್ತದೆ. ಸೆಕೆಂಡಿಗೆ ಸುಮಾರು 172 ಮೀಟರ್ ವೇಗದ ಪೆಲೆಟ್ ಗುರಿ ಮುಟ್ಟುವಷ್ಟರಲ್ಲಿ ಸುಮಾರು 17 ಮಿ.ಮೀ. ಕೆಳಗಿಳಿದಿರುತ್ತದೆ, ವೇಗ ಎರಡು ಮೀಟರ್ ಹೆಚ್ಚುಕಡಿಮೆಯಾದರೆ ಪೆಟ್ಟು ಸುಮಾರು 0.4 ಮಿ.ಮೀ. ಮೇಲೆ ಕೆಳಗಾಗುತ್ತದೆ. ಅಂದರೆ ಹುಡುಗಿ ಏನೂ ತಪ್ಪು ಮಾಡದೆಯೇ ಒಂದೆರಡು ದಶಮಾಂಶ ಹೋಯಿತು.

ಈಗ ಪರೀಕ್ಷೆಯ ಮಾತು. ತೋಟಾ ತುಂಬುವವರಲ್ಲಿ ಬಹಳ ಮಂದಿ ದಾರಿ ತಪ್ಪುವುದು ಇಲ್ಲೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೂರು ಗುಂಡು ಹಾರಿಸಿ, ಮೂರೂ ಒಂದೇ ಕಡೆ ಬಿದ್ದವೆಂದು ಆ ತೋಟಾವನ್ನು ಶ್ರೇಷ್ಠವೆಂದು ತೀರ್ಮಾನಿಸುವವರು ಅನೇಕರು. ಆದರೆ ಗುಂಡುಗಳ ಸಂಖ್ಯೆ ಹೆಚ್ಚಿದಂತೆ ಗ್ರೂಪ್, ಅಂದರೆ ಪೆಟ್ಟುಗಳು ಹರಡಿದ ಅಗಲ, ದೊಡ್ಡದಾಗುವುದು ಗಣಿತದ ನಿಯಮ. ಚದುರುವಿಕೆ ಮೇಲೆ ಕೆಳಗೆ, ಎಡ ಬಲಕ್ಕೆ ಒಂದೇ ಸಮನಾಗಿದೆ ಎಂದುಕೊಂಡರೆ, ಮೂರು ಗುಂಡಿನ ಗ್ರೂಪ್ ಸರಾಸರಿ 10 ಮಿ.ಮೀ. ಇರುವ ರೈಫಲ್‌ನಲ್ಲಿ ಐದು ಗುಂಡಿನದ್ದು ಸುಮಾರು 13, ಹತ್ತು ಗುಂಡಿನದ್ದು ಸುಮಾರು 16 ಮಿ.ಮೀ. ಬರುತ್ತದೆ, ರೈಫಲ್ಲೂ ಅದೇ, ತೋಟಾವೂ ಅದೇ. ಹಲವು ಬಗೆಯ ತೋಟಾಗಳನ್ನು ಮೂರು ಮೂರು ಗುಂಡಿನಿಂದ ಪರೀಕ್ಷಿಸಿ ಅತಿ ಸಣ್ಣ ಗ್ರೂಪನ್ನು ಆರಿಸಿಕೊಂಡವನು ಬಹುಮಟ್ಟಿಗೆ ಆ ದಿನದ ಅದೃಷ್ಟವನ್ನೇ ಆರಿಸಿಕೊಂಡಿರುತ್ತಾನೆ. ಮರುದಿನ ಅದೇ ತೋಟಾ ಚದುರಿದಾಗ ಅವನು ಹವೆಯನ್ನೋ ದುರ್ಬೀನನ್ನೋ ದೂರುತ್ತಾನೆ.

ಆದ್ದರಿಂದ ಪ್ರತಿ ಲಾಟ್‌ಗೆ ಹತ್ತು ಗುಂಡಿನ ಗ್ರೂಪ್‌ಗಳು, ಅವೂ ಒಂದಕ್ಕಿಂತ ಹೆಚ್ಚು ಬೇಕು. ರೈಫಲ್ ಮನುಷ್ಯರ ಕೈಯಲ್ಲಿರಬಾರದು, ಬಿಗಿಯಾದ ವೈಸ್‌ನಲ್ಲಿರಬೇಕು. ನಳಿಗೆಯನ್ನೇ ಬಿಗಿದರೆ ಪೆಟ್ಟಿನ ಜಾಗ ಬದಲಾಗುವುದರಿಂದ ಹಿಂಬದಿಯ ಲೋಹದ ಭಾಗವನ್ನು ಹಿಡಿಸಬೇಕು. ಈ ಕೆಲಸ ಮಗಳ ಕೋಚ್ ಸಮ್ಮುಖದಲ್ಲಿ, ರೇಂಜ್‌ನಲ್ಲಿಯೇ ನಡೆಯಲಿ. ರೈಫಲ್‌ನ ಗಾಳಿಯ ಸಿಲಿಂಡರ್ 200 ಬಾರ್ ಒತ್ತಡದವರೆಗೆ ತುಂಬುವಂಥದ್ದಾದರೆ ಎಲ್ಲ ಲಾಟ್‌ಗಳನ್ನೂ ಒಂದೇ ಒತ್ತಡದ ವ್ಯಾಪ್ತಿಯಲ್ಲಿ ಹಾರಿಸಬೇಕು. ಪೆಲೆಟ್ ಬದಲಿಸಿದಾಗ ನಳಿಗೆಯಲ್ಲಿ ಹಳೆಯ ಸೀಸದ ಲೇಪ ಇರುತ್ತದೆ, ಮೊದಲ ಕೆಲವು ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯಬಾರದು. ಹತ್ತೂ ಗುಂಡುಗಳು ಸೇರಿ ಆದ ರಂಧ್ರದ ಹೊರ ಅಗಲದಿಂದ 4.5 ಮಿ.ಮೀ. ಕಳೆದರೆ ಗ್ರೂಪ್‌ನ ಅಳತೆ ಸಿಗುತ್ತದೆ. ಎರಡು ಲಾಟ್‌ಗಳ ನಡುವೆ ಕೂದಲೆಳೆಯ ವ್ಯತ್ಯಾಸ ಮಾತ್ರ ಕಂಡರೆ ಅವೆರಡೂ ಸಮವೆಂದು ಒಪ್ಪಿಕೊಂಡು ಅಗ್ಗದ್ದನ್ನು ಕೊಳ್ಳಿರಿ.

ಪೆಲೆಟ್‌ಗಳನ್ನು ತೂಗಿ ಬೇರ್ಪಡಿಸಬೇಕೇ ಎಂದು ನೀವು ಕೇಳಿಲ್ಲ, ಆದರೆ ಯಾರಾದರೂ ನಿಮಗೆ ಹೇಳುತ್ತಾರೆ. ಪೆಲೆಟ್ ತೂಗುವುದು ಸುಮಾರು 0.53 ಗ್ರಾಂ, ಅದರ ಶೇ. 1 ಎಂದರೆ ಐದು ಮಿಲಿಗ್ರಾಂ, ಆದ್ದರಿಂದ ಒಂದು ಮಿಲಿಗ್ರಾಂ ತೋರಿಸುವ ಅಕ್ಕಸಾಲಿಗರ ತಕ್ಕಡಿ ಸಾಕು. ಒಳ್ಳೆಯ ಸ್ಪರ್ಧಾ ಪೆಲೆಟ್‌ಗಳಲ್ಲಿ ತೂಗಿ ಸಿಗುವ ಲಾಭ ಸಣ್ಣದು. ಲಂಗ ಜಜ್ಜಿದ ಪೆಲೆಟ್‌ಗಳನ್ನು ಬೆಳಕಿಗೆ ಹಿಡಿದು ತೆಗೆದುಹಾಕುವುದರಿಂದ ಆಗುವ ಲಾಭ ದೊಡ್ಡದು, ಖರ್ಚೂ ಇಲ್ಲ. ಬೆಳಗಾವಿಯ ಮಳೆಗಾಲದ ತೇವದಲ್ಲಿ ತೆರೆದಿಟ್ಟ ಸೀಸದ ಮೇಲೆ ಬಿಳಿ ಪುಡಿ ಕಟ್ಟುತ್ತದೆ. ಡಬ್ಬಿಯನ್ನು ಬಿಗಿಯಾಗಿ ಮುಚ್ಚಿ ಒಣಗಿದ ಜಾಗದಲ್ಲಿಡಬೇಕು, ಅಂಥ ಪುಡಿ ಬಂದ ಪೆಲೆಟ್‌ಗಳನ್ನು ಬಳಸಬಾರದು. ಸೀಸ ವಿಷ, ಅದರಲ್ಲೂ ಮಕ್ಕಳ ಮಿದುಳಿಗೆ. ಮಗಳು ಅಭ್ಯಾಸ ಮುಗಿದ ಕೂಡಲೇ ಸಾಬೂನು ಹಚ್ಚಿ ಕೈ ತೊಳೆಯಲಿ, ಅದಕ್ಕೂ ಮೊದಲು ಏನನ್ನೂ ತಿನ್ನದಿರಲಿ.

ಮೊದಲ ಹೆಜ್ಜೆಯಾಗಿ ಹಳೆಯ ಡಬ್ಬಿ ಹುಡುಕಿ ಅದರ ಲಾಟ್ ಸಂಖ್ಯೆ ಮತ್ತು ತಲೆಯ ಅಳತೆಯನ್ನು ಹೊಸದರ ಜೊತೆ ಹೋಲಿಸಿ ನೋಡಿರಿ. ಹಳೆಯದರಲ್ಲಿ ಪೆಲೆಟ್‌ಗಳು ಉಳಿದಿದ್ದರೆ ಎರಡನ್ನೂ ವೈಸ್‌ನಲ್ಲಿ ಒಂದೇ ದಿನ ಹಾರಿಸಿರಿ. ಎರಡೂ ಸಮನಾಗಿ ಬಂದರೆ ದೋಷ ಪೆಲೆಟ್‌ನದ್ದಲ್ಲ, ಕೋಚ್ ಜೊತೆ ಕುಳಿತು ಮಗಳ ನಿಲುವು, ಉಸಿರು, ಟ್ರಿಗರ್ ಎಳೆಯುವ ಬಗೆಯನ್ನು ನೋಡಬೇಕಾಗುತ್ತದೆ. ಹೊಸದೇ ಚದುರಿದರೆ ಬೇರೆ ಬೇರೆ ಲಾಟ್‌ಗಳ ಒಂದೊಂದೇ ಡಬ್ಬಿ ತರಿಸಿ ಪರೀಕ್ಷಿಸಿ, ಒಗ್ಗಿದ ಲಾಟ್‌ನ ಡಬ್ಬಿಗಳನ್ನು ಇಡೀ ಸ್ಪರ್ಧಾ ಋತುವಿಗೆ ಸಾಲುವಷ್ಟು ಒಮ್ಮೆಗೇ ಕೊಂಡಿಡಿರಿ. ಮುಂದಿನ ಸಲ ಅಂಗಡಿಯಲ್ಲಿ ಅದೇ ಲಾಟ್ ಸಿಗುವ ಭರವಸೆ ಇರುವುದಿಲ್ಲ.