ಅಲಿಯ ಗದ್ದ, ಅಲಿಯ ಮೆದುಳು

ಅಮೆರಿಕದ ಬಾಕ್ಸರ್ ಮುಹಮ್ಮದ್ ಅಲಿ 61 ವೃತ್ತಿಪರ ಪಂದ್ಯಗಳಲ್ಲಿ 56 ಗೆದ್ದರು, 5 ಸೋತರು. ರೆಫರಿ ಹತ್ತು ಎಣಿಸಿ ಮುಗಿಸುವವರೆಗೆ ಅವರು ನೆಲದ ಮೇಲೆ ಬಿದ್ದಿದ್ದುದು ಒಮ್ಮೆಯೂ ಇಲ್ಲ. ಹಾಗೆ ಬಿದ್ದು ನಾಕೌಟ್ ಆದವನ ಮೆದುಳಿಗೆ ಮಾತ್ರ ಪೆಟ್ಟಾಗುತ್ತದೆ, ಉಳಿದವರನ್ನು ದಪ್ಪ ಗವಸು ಕಾಯುತ್ತದೆ ಎಂಬ ಜನಪ್ರಿಯ ನಂಬಿಕೆಯನ್ನು ಪರೀಕ್ಷಿಸಲು ಇವರಿಗಿಂತ ತಕ್ಕ ಉದಾಹರಣೆ ಸಿಗುವುದು ಕಷ್ಟ.

ಗವಸನ್ನು ಕಡ್ಡಾಯಗೊಳಿಸಿದ್ದು ಬಾಕ್ಸಿಂಗ್‌ನ 1867ರ ಕ್ವೀನ್ಸ್‌ಬೆರಿ ನಿಯಮಗಳು. ಬರಿಗೈಯಿಂದ ಹಣೆಗೆ ಬಲವಾಗಿ ಗುದ್ದಿದರೆ ಗುದ್ದಿದವನ ಕೈಮೂಳೆಯೇ ಮುರಿಯಬಹುದು. ಗವಸು ಆ ಭಯವನ್ನು ತಗ್ಗಿಸುತ್ತದೆ, ಚರ್ಮ ಸೀಳುವುದನ್ನೂ ಕಡಿಮೆ ಮಾಡುತ್ತದೆ. ಆದರೆ ಗುದ್ದಿನ ರಭಸಕ್ಕೆ ತಲೆ ಗಕ್ಕನೆ ಪಕ್ಕಕ್ಕೆ ಹೊರಳುವುದನ್ನು ಅದು ತಡೆಯಲಾರದು, ಮತ್ತು ಅನಾಹುತದ ಮುಖ್ಯ ಮೂಲ ಆ ಹೊರಳುವಿಕೆಯಲ್ಲೇ ಇದೆ.

ಕುತ್ತಿಗೆಯ ಮೇಲೆ ಕೂತ ತಲೆಗೆ ಗದ್ದವು ಸನ್ನೆಗೋಲಿನ ತುದಿಯಂತೆ ಕೆಲಸ ಮಾಡುವುದರಿಂದ, ಅಲ್ಲಿಗೆ ಓರೆಯಾಗಿ ಬಿದ್ದ ಗುದ್ದು ಬುರುಡೆಯನ್ನು ಕ್ಷಣಾರ್ಧದಲ್ಲಿ ತಿರುಗಿಸಿಬಿಡುತ್ತದೆ. ಹೆಪ್ಪುಗಟ್ಟಿದ ಮೊಸರಿನ ಗಡಿಗೆಯನ್ನು ಗಕ್ಕನೆ ತಿರುಗಿಸಿದರೆ ಅಂಚಿನ ಮೊಸರು ಗಡಿಗೆಯೊಂದಿಗೆ ಹೊರಟು, ನಡುವಿನದು ಹಿಂದುಳಿದು, ಮಧ್ಯೆ ಬಿರುಕು ಬಿಡುತ್ತದೆ. ಮೆದುಳಿನ ಅಂಗಾಂಶವೂ ಒತ್ತಡವನ್ನು ತಾಳಿಕೊಂಡೀತು, ಆದರೆ ಪದರಗಳು ಒಂದರ ಮೇಲೊಂದು ಜಾರುವುದನ್ನು ತಾಳದು. ಆಕ್ಸ್‌ಫರ್ಡ್‌ನ ಭೌತವಿಜ್ಞಾನಿ ಹಾಲ್ಬರ್ನ್ 1943ರಲ್ಲಿಯೇ ಜೆಲಟಿನ್‌ನಿಂದ ಮಾಡಿದ ಮಾದರಿಗಳ ಮೂಲಕ ಇದನ್ನು ವಾದಿಸಿದ್ದರು. ಹೀಗೆ ಜಗ್ಗಿದ ಉದ್ದನೆಯ ನರತಂತುಗಳ ಪೊರೆಯಿಂದ ಪೊಟ್ಯಾಸಿಯಂ ಹೊರಗೆ ಸೋರುತ್ತದೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ, ತಂತುವಿನ ಒಳಚೌಕಟ್ಟು ಸಡಿಲಗೊಳ್ಳುತ್ತದೆ. ಪ್ರಜ್ಞೆ ತಪ್ಪದಿದ್ದರೂ ಇದು ಸಣ್ಣ ಪ್ರಮಾಣದಲ್ಲಿ ನಡೆಯಬಲ್ಲದು.

1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದು, 1964ರಲ್ಲಿ ಸಾನಿ ಲಿಸ್ಟನ್‌ರನ್ನು ಮಣಿಸಿ ಹೆವಿವೇಟ್ ಚಾಂಪಿಯನ್ ಆದ ತರುಣ ಅಲಿಯ ರಕ್ಷಣೆ ಅವರ ಕಾಲುಗಳಲ್ಲಿತ್ತು. ಗುದ್ದು ಬರುವ ಹೊತ್ತಿಗೆ ತಲೆ ಅಲ್ಲಿರುತ್ತಿರಲಿಲ್ಲ. ವಿಯೆಟ್ನಾಂ ಯುದ್ಧಕ್ಕೆ ಸೇರಲು ನಿರಾಕರಿಸಿದ್ದಕ್ಕಾಗಿ 1967ರಿಂದ ಮೂರೂವರೆ ವರ್ಷ ಕಣದಿಂದ ಹೊರಗಿದ್ದು ಮರಳಿದಾಗ ಆ ಚುರುಕು ಕುಗ್ಗಿತ್ತು, ಪೆಟ್ಟು ತಾಳುವ ಶಕ್ತಿ ಅದರ ಸ್ಥಾನಕ್ಕೆ ಬಂತು. 1974ರಲ್ಲಿ ಆಫ್ರಿಕಾದ ಕಿನ್ಷಾಸಾದಲ್ಲಿ ಕಣದ ಸುತ್ತಲಿನ ಹಗ್ಗಕ್ಕೊರಗಿ ಜಾರ್ಜ್ ಫೋರ್‌ಮನ್‌ರನ್ನು ದಣಿಸಿ ಎಂಟನೇ ಸುತ್ತಿನಲ್ಲಿ ಉರುಳಿಸಿದ್ದು ಅದ್ಭುತ ತಂತ್ರವೆಂಬುದನ್ನು ನಾನು ಒಪ್ಪುತ್ತೇನೆ. ಮರುವರ್ಷ ಮನಿಲಾದಲ್ಲಿ ಜೋ ಫ್ರೇಜಿಯರ್ ಎದುರು ಹದಿನಾಲ್ಕು ಸುತ್ತುಗಳ ಹೊಡೆತವನ್ನು ತಾಳಿ ಗೆದ್ದರು. ಬೇರೆಯವರು ಕುಸಿಯುವಲ್ಲಿ ಅಲಿ ನಿಲ್ಲುತ್ತಿದ್ದರು. ಕುಸಿದವನಿಗೆ ಪಂದ್ಯ ಅಲ್ಲಿಗೇ ಮುಗಿಯುತ್ತದೆ, ನಿಂತವನಿಗೆ ಇನ್ನಷ್ಟು ಗುದ್ದು ಬೀಳುತ್ತವೆ. ಅಭ್ಯಾಸದಲ್ಲಿ ತಿಂದ ಪೆಟ್ಟುಗಳಿಗೆ ಲೆಕ್ಕವೇ ಇಲ್ಲ.

1977ರಲ್ಲಿ ಅರ್ನಿ ಶೇವರ್ಸ್ ಜೊತೆಗಿನ ಪಂದ್ಯದ ಬಳಿಕ ಅಲಿಯ ವೈದ್ಯ ಫರ್ಡಿ ಪಾಚೆಕೊ ಅವರ ಆರೋಗ್ಯದ ಬಗ್ಗೆ ಕಳವಳಗೊಂಡು ತಂಡವನ್ನೇ ಬಿಟ್ಟರು. ಆದರೂ 1980ರಲ್ಲಿ ಅಲಿ ಲ್ಯಾರಿ ಹೋಮ್ಸ್ ಎದುರು ಇಳಿದರು, ಹತ್ತು ಸುತ್ತುಗಳ ನಂತರ ತರಬೇತುದಾರರೇ ಪಂದ್ಯ ನಿಲ್ಲಿಸಬೇಕಾಯಿತು. 1984ರಲ್ಲಿ ಅಲಿಗೆ ಪಾರ್ಕಿನ್ಸನ್ (ಕೈಕಾಲು ನಡುಗಿಸಿ ಚಲನೆಯನ್ನು ಕುಗ್ಗಿಸುವ ಮೆದುಳಿನ ಕಾಯಿಲೆ) ಲಕ್ಷಣಗಳು ದೃಢಪಟ್ಟವು. ಅದಕ್ಕೆ ಬಾಕ್ಸಿಂಗ್ ಎಷ್ಟು ಕಾರಣ ಎಂಬ ಬಗ್ಗೆ ವೈದ್ಯರಲ್ಲಿ ಒಮ್ಮತವಿಲ್ಲ. ಆದರೆ ಬಾಕ್ಸರುಗಳ ಮೆದುಳಿನ ಕಾಯಿಲೆಯನ್ನು ಅಮೆರಿಕದ ರೋಗಶಾಸ್ತ್ರಜ್ಞ ಹ್ಯಾರಿಸನ್ ಮಾರ್ಟ್‌ಲಂಡ್ 1928ರಲ್ಲೇ ವರ್ಣಿಸಿದ್ದರು. 1973ರಲ್ಲಿ ಬ್ರಿಟನ್‌ನ ನರರೋಗಶಾಸ್ತ್ರಜ್ಞ ಕಾರ್ಸೆಲಿಸ್ ಮತ್ತು ಸಂಗಡಿಗರು 15 ಮಾಜಿ ಬಾಕ್ಸರುಗಳ ಮೆದುಳುಗಳಲ್ಲಿ ಅದರ ಗುರುತುಗಳನ್ನು ವಿವರವಾಗಿ ದಾಖಲಿಸಿದರು. ಮನಿಲಾದ ಪಂದ್ಯ ನಡೆದದ್ದು ಅದಾದ ಎರಡು ವರ್ಷಗಳಿಗೆ.