16ಕ್ಕೆ 10 ಸರಿ ಬಂದ ವಾರ: ಪಿಕ್ಸ್ ಕೊಟ್ಟವರನ್ನು ನಂಬಬಹುದಾ?

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್ ಲೀಗ್) ಸೀಸನ್ ಶುರುವಾದಾಗಿನಿಂದ ಆಫೀಸಿನ ಗೆಳೆಯರು ಒಬ್ಬರ ಪಿಕ್ಸ್ (ಯಾವ ತಂಡದ ಮೇಲೆ ಕಟ್ಟಬೇಕು ಅನ್ನುವ ಸಲಹೆ) ನೋಡಿ ಬೆಟ್ ಕಟ್ಟುತ್ತಿದ್ದಾರೆ. ಕಳೆದ ವಾರ 16 ಪಂದ್ಯಗಳಲ್ಲಿ 10 ಸರಿ ಬಂದವಂತೆ. ತಿಂಗಳಿಗೆ ಇಷ್ಟು ಅಂತ ದುಡ್ಡು ಕೊಟ್ಟು ನಾನೂ ಸೇರಬಹುದಾ?

ಉತ್ತರ: ಬರೀ ಆ 10–6 ನೋಡಿ ಸೇರಬೇಡಿ. ಒಂದು ವಾರದ ಗೆಲುವು-ಸೋಲಿನ ಲೆಕ್ಕದಿಂದ ಆ ವ್ಯಕ್ತಿಯ ಜಾಣತನ ತಿಳಿಯುವುದೇ ಇಲ್ಲ. ಯಾವ ಅಂಕಿಗೆ ಪಿಕ್ ಕೊಟ್ಟರು ಅನ್ನುವುದನ್ನು ನೋಡಿದರೆ ಸ್ವಲ್ಪ ತಿಳಿಯುತ್ತದೆ.

ಮೊದಲು ದುಡ್ಡಿನ ಲೆಕ್ಕ. ಈ ಪಿಕ್ಸ್ ಹೆಚ್ಚಾಗಿ ಸ್ಪ್ರೆಡ್ ಮೇಲೆ ಇರುತ್ತವೆ. ಬಲವಾದ ತಂಡ ಸುಮ್ನೆ ಗೆದ್ದರೆ ಸಾಲದು, ಬುಕ್ಕಿ ಹೇಳಿದಷ್ಟು ಪಾಯಿಂಟ್‌ಗಿಂತ ಜಾಸ್ತಿ ಅಂತರದಲ್ಲಿ ಗೆಲ್ಲಬೇಕು. ಆ ಅಂಕಿಯೇ ಸ್ಪ್ರೆಡ್. ಸಾಮಾನ್ಯವಾಗಿ 100 ಡಾಲರ್ ಗೆಲ್ಲಲು 110 ಡಾಲರ್ ಕಟ್ಟಬೇಕು. ಹಾಗಾಗಿ 8–8 ಆದ ವಾರ ಸಮ ಅಲ್ಲ, 80 ಡಾಲರ್ ನಷ್ಟ. 10–6 ಆದರೆ 340 ಡಾಲರ್ ಲಾಭ. ಕೈಯಿಂದ ದುಡ್ಡು ಹೋಗದೆ ಇರಬೇಕಾದರೆ ನೂರಕ್ಕೆ 52.4ರಷ್ಟಾದರೂ ಸರಿ ಬರಬೇಕು. ತಿಂಗಳ ಚಂದಾ ಬೇರೆ ಇದೆ, ಅದನ್ನೂ ಇದೇ ಲಾಭದಿಂದ ಕಳೆಯಬೇಕಲ್ವಾ?

ಈಗ ಅದೃಷ್ಟದ ಪಾಲು. ಎರಡು ಕಡೆಗೂ ಹೆಚ್ಚುಕಡಿಮೆ ಸಮ ಅವಕಾಶ ಇರುವಂತೆಯೇ ಸ್ಪ್ರೆಡ್ ಇಡುತ್ತಾರೆ. ಆಟವೇ ಗೊತ್ತಿಲ್ಲದ 100 ಜನ ನಾಣ್ಯ ಚಿಮ್ಮಿ 16 ಪಂದ್ಯಗಳಿಗೆ ಪಿಕ್ಸ್ ಕೊಟ್ಟರೂ ಅವರಲ್ಲಿ ಸುಮಾರು 23 ಜನರಿಗೆ 10 ಅಥವಾ ಅದಕ್ಕಿಂತ ಜಾಸ್ತಿ ಸರಿ ಬರುತ್ತವೆ. ಪಿಕ್ಸ್ ಮಾರುವವರು ಎಷ್ಟೋ ಜನ ಇದ್ದಾರೆ. ಯಾವ ವಾರ ನೋಡಿದರೂ ಅವರಲ್ಲಿ ಕೆಲವರು 10–6 ಆಗಿಯೇ ಇರುತ್ತಾರೆ, ನಿಮ್ಮ ಕಿವಿಗೆ ಬೀಳುವುದೂ ಅವರ ಹೆಸರೇ.

ಗೆಲುವು-ಸೋಲಿನ ಪಟ್ಟಿಯಲ್ಲಿ ಏನೆಲ್ಲ ಮುಚ್ಚಿಹೋಗುತ್ತದೆ ಅನ್ನುವುದಕ್ಕೆ 2018ರ ಜನವರಿ 14ರ ಪಂದ್ಯಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಮಿನಿಯಾಪೊಲಿಸ್‌ನಲ್ಲಿ ವೈಕಿಂಗ್ಸ್ ಮತ್ತು ಸೇಂಟ್ಸ್ ನಡುವೆ ಪ್ಲೇಆಫ್. ವೈಕಿಂಗ್ಸ್ 5.5 ಪಾಯಿಂಟ್ ಫೇವರಿಟ್, ಅಂದರೆ 5.5ಕ್ಕಿಂತ ಜಾಸ್ತಿ ಅಂತರದಲ್ಲಿ ಗೆಲ್ಲಬೇಕು. ಅರ್ಧ ಆಟಕ್ಕೆ 17–0 ಮುಂದೆ. ಆಮೇಲೆ ಸೇಂಟ್ಸ್ ಎದ್ದು ಬಂದು, ಕೊನೆಯ ನಿಮಿಷದಲ್ಲಿ 24–23 ಮಾಡಿತು. 10 ಸೆಕೆಂಡ್ ಉಳಿದಿದ್ದಾಗ ವೈಕಿಂಗ್ಸ್‌ನ ಕೇಸ್ ಕೀನಮ್ ಎಸೆದ ಚೆಂಡನ್ನು ಸ್ಟೆಫಾನ್ ಡಿಗ್ಸ್ ಹಾರಿ ಹಿಡಿದರು. ತಡೆಯಲು ಬಂದ ಆಟಗಾರ ಗುರಿ ತಪ್ಪಿ ಬಿದ್ದ. ಡಿಗ್ಸ್ ಸೀದಾ ಓಡಿಬಿಟ್ಟರು. 61 ಗಜದ ಟಚ್‌ಡೌನ್ (6 ಪಾಯಿಂಟ್), 29–24, ಸಮಯ ಮುಗಿಯಿತು. ಆದರೆ ಟಚ್‌ಡೌನ್ ಆದ ಮೇಲೆ ಎಕ್ಸ್‌ಟ್ರಾ ಪಾಯಿಂಟ್ ಪ್ರಯತ್ನ ಆಗಲೇಬೇಕು ಅಂತ ಆಗ ನಿಯಮ ಇತ್ತು. ಸಂಭ್ರಮದ ಮಧ್ಯೆಯೇ ಆಟಗಾರರನ್ನು ಮತ್ತೆ ಸಾಲಿಗೆ ಕರೆದರು. ವೈಕಿಂಗ್ಸ್ ಒದೆಯಲೇ ಇಲ್ಲ, ಕೀನಮ್ ಚೆಂಡು ಹಿಡಿದು ಮಂಡಿಯೂರಿ ಆ ಪ್ರಯತ್ನವನ್ನೇ ಕೈಬಿಟ್ಟರು. ಒದ್ದು ಒಂದು ಪಾಯಿಂಟ್ ಗಳಿಸಿದ್ದರೆ ಅಂತರ 6 ಆಗುತ್ತಿತ್ತು. 5ಕ್ಕೇ ನಿಂತಿತು. (ಅದೇ ವರ್ಷ ಲೀಗ್ ಆ ನಿಯಮವನ್ನು ಬದಲಿಸಿತು.)

ಆ ದಿನ ‘ವೈಕಿಂಗ್ಸ್’ ಅಂತ ಪಿಕ್ ಕೊಟ್ಟವರು ಸರಿಯೋ ತಪ್ಪೋ? 4.5ಕ್ಕೆ ಕಟ್ಟಿದ್ದರೆ ಗೆಲುವು. 5ಕ್ಕೆ ಕಟ್ಟಿದ್ದರೆ ಪುಶ್, ದುಡ್ಡು ವಾಪಸ್. 5.5ಕ್ಕೆ ಕಟ್ಟಿದ್ದರೆ ಸೋಲು. ತಂಡದ ಹೆಸರು ಮಾತ್ರ ಬರೆದು ಅಂಕಿ ಬರೆಯದ ಪಟ್ಟಿಯನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಯಾವಾಗ ಕೊಟ್ಟರು ಅನ್ನುವುದೂ ಬರೆದಿರಬೇಕು.

ಅಂಕಿ ಮತ್ತು ಸಮಯ ಎರಡೂ ಇದ್ದರೆ ವಾರವನ್ನು ಸರಿಯಾಗಿ ನೋಡಬಹುದು. ಪಂದ್ಯ ಶುರುವಾಗುವ ಹೊತ್ತಿನ ಸ್ಪ್ರೆಡ್‌ಗೆ ಕ್ಲೋಸಿಂಗ್ ಲೈನ್ ಅನ್ನುತ್ತಾರೆ. ಅಷ್ಟು ಹೊತ್ತಿಗೆ ಗಾಯಾಳುಗಳ ಸುದ್ದಿ, ಗಾಳಿ-ಮಳೆ, ದೊಡ್ಡ ಬೆಟ್‌ದಾರರ ದುಡ್ಡು ಎಲ್ಲವೂ ಆ ಅಂಕಿಯೊಳಗೆ ಸೇರಿರುತ್ತದೆ. ನಿಮ್ಮ ಪಿಕ್ಸ್‌ನವರು ಮಂಗಳವಾರ ಒಂದು ತಂಡವನ್ನು 2.5ಕ್ಕೆ ಹೇಳಿ, ಭಾನುವಾರ ಅದು 3.5ಕ್ಕೆ ಮುಗಿದರೆ ಅವರು ಬೇರೆಯವರಿಗಿಂತ ಮೊದಲೇ ಏನನ್ನೋ ಕಂಡಿದ್ದಾರೆ ಅಂತ ಅರ್ಥ. ಆ ಪಂದ್ಯ ಸೋತರೂ ಅದು ಒಳ್ಳೆಯ ಪಿಕ್ಕೇ. ಅದರಲ್ಲೂ 3 ದಾಟುವುದು ದೊಡ್ಡ ವಿಷಯ. ಫೀಲ್ಡ್ ಗೋಲ್‌ಗೆ (ಚೆಂಡನ್ನು ಕಂಬಗಳ ನಡುವೆ ಒದೆಯುವುದು) 3 ಪಾಯಿಂಟ್, ಹಾಗಾಗಿ ನೂರಕ್ಕೆ ಸುಮಾರು 15 ಪಂದ್ಯಗಳು ಸರಿಯಾಗಿ 3ರ ಅಂತರದಲ್ಲೇ ಮುಗಿಯುತ್ತವೆ. ಟಚ್‌ಡೌನ್ ಮತ್ತು ಎಕ್ಸ್‌ಟ್ರಾ ಪಾಯಿಂಟ್ ಸೇರಿ 7, ಅದೂ ಹೀಗೇ. 11ರಿಂದ 12ಕ್ಕೆ ಜರುಗಿದರೆ ಅಷ್ಟು ತೂಕ ಇಲ್ಲ.

ಇಲ್ಲೂ ಹುಷಾರಾಗಿರಬೇಕು. ಎದುರಾಳಿಯ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವ ಮುಖ್ಯ ಆಟಗಾರ) ಶುಕ್ರವಾರ ಗಾಯದಿಂದ ಹೊರಗುಳಿದು ಲೈನ್ ಜರುಗಿದ್ದರೆ ಅದರಲ್ಲಿ ಪಿಕ್ಸ್‌ನವರ ಕೈವಾಡ ಏನೂ ಇಲ್ಲ, ಅದೃಷ್ಟ ಅಷ್ಟೆ. ಹಾಗೆಯೇ, ಕೈಜಾರಿ ಬಿದ್ದ ಚೆಂಡು ಎದುರಾಳಿಗೆ ಸಿಕ್ಕಿ ಟಚ್‌ಡೌನ್ ಆಗಿ ಸೋತ ಪಿಕ್ ಅನ್ನು ಕೆಟ್ಟ ಪಿಕ್ ಅನ್ನಲಾಗದು.

ಹಾಗಾದರೆ ಎಷ್ಟು ದಿನ ನೋಡಬೇಕು? ಲಾಸ್ ವೇಗಸ್‌ನ ವೆಸ್ಟ್‌ಗೇಟ್ ಕ್ಯಾಸಿನೊ ನಡೆಸುವ ಪಿಕ್ಸ್ ಸ್ಪರ್ಧೆ ಸೂಪರ್‌ಕಾಂಟೆಸ್ಟ್‌ನಲ್ಲಿ ವಾರಕ್ಕೆ 5 ಪಿಕ್. 18 ವಾರಕ್ಕೆ 90 ಆಯಿತು. ನಿಜಕ್ಕೂ ನೂರಕ್ಕೆ 55 ಸರಿ ಹೇಳಬಲ್ಲವರಿಗೆ ಅದರಲ್ಲಿ ಸುಮಾರು 50 ಸರಿ ಬರುತ್ತವೆ, ನಾಣ್ಯ ಚಿಮ್ಮಿದವರಿಗೆ ಸುಮಾರು 45. ಬರೀ ಅದೃಷ್ಟದಿಂದಲೇ ಐದು ಹೆಚ್ಚುಕಡಿಮೆ ಆಗುವುದು ತೀರಾ ಮಾಮೂಲು. ಅಂದರೆ ಇಡೀ ಸೀಸನ್ ಕೂಡ ಸಾಲದು. ಕ್ಲೋಸಿಂಗ್ ಲೈನ್ ಜೊತೆ ಹೋಲಿಸಿ ನೋಡಿದರೆ ಇನ್ನೂ ಬೇಗ ಗೊತ್ತಾಗುತ್ತದೆ.

ಅವರ ಹತ್ತಿರ ಹಿಂದಿನ ಸೀಸನ್‌ನ ಪ್ರತಿ ಪಿಕ್‌ನ ಅಂಕಿ, ಕೊಟ್ಟ ದಿನ, ಕ್ಲೋಸಿಂಗ್ ಲೈನ್ ಕೇಳಿ. ಸೋತ ವಾರಗಳೂ ಅದರಲ್ಲಿರಬೇಕು. ಕೊಡದಿದ್ದರೆ ಸೇರಬೇಡಿ.

ನಿಮ್ಮ ರಾಜ್ಯದಲ್ಲಿ 21 ತುಂಬಿದವರಿಗೆ ಆಟಗಳ ಮೇಲೆ ಬೆಟ್ ಕಟ್ಟುವುದು ಕಾನೂನುಬದ್ಧ. ನ್ಯೂಜೆರ್ಸಿ ನಡೆಸಿದ ಕೇಸಿನಿಂದಲೇ 2018ರ ಮೇನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇಂಥ ಬೆಟ್ಟಿಂಗ್ ಮೇಲಿದ್ದ 1992ರ ನಿಷೇಧವನ್ನು ರದ್ದು ಮಾಡಿತು. ಭಾರತದಲ್ಲಿರುವವರಿಗೆ ಹಾಗಲ್ಲ. ಇಲ್ಲಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕಾಯ್ದೆ ನಿಷೇಧಿಸಿದೆ. ಗೆಳೆಯರಲ್ಲಿ ಯಾರಾದರೂ ಭಾನುವಾರ ಕಳೆದುಕೊಂಡದ್ದನ್ನು ವಾಪಸ್ ಪಡೆಯಲು ಸೋಮವಾರ ರಾತ್ರಿಯ ಪಂದ್ಯಕ್ಕೆ ದುಪ್ಪಟ್ಟು ಕಟ್ಟುವುದು ಕಂಡರೆ, ಪಿಕ್ಸ್ ವಿಚಾರ ಬದಿಗಿಟ್ಟು ಅವರ ಜೊತೆ ಕೂತು ಮಾತಾಡಿ. ಜೂಜಿನ ಚಟಕ್ಕೆ ಸಹಾಯ ಮಾಡುವ 1-800-426-2537 ನಂಬರ್ ನಿಮ್ಮಲ್ಲಿ ಹಗಲು-ರಾತ್ರಿ ಸಿಗುತ್ತದೆ.